ಬೆಂಕಿಯಿಲ್ಲದ ಹಸಿರುಮನೆ

ಮೈಕೊರೆಯುವ ಚಳಿಯೆಂಬುದು ಹಿಮಾಲಯದ ಸೊತ್ತೆಂದು ಭಾವಿಸಿರುವವರು ಪುಷ್ಯಮಾಸದ ಒಂದು ಪ್ರಾತಃಕಾಲ ನಾಸಿಕ ಜಿಲ್ಲೆಯ ನಿಫಾಡಕ್ಕೆ ಹೋಗಿಬರಬೇಕು. ಅಲ್ಲಿನ ಕುಂದೇವಾಡಿಯ ಗೋಧಿ ಸಂಶೋಧನಾ ಕೇಂದ್ರದ ಉಷ್ಣಮಾಪಕವು ಕೆಲವು ವರ್ಷಗಳಲ್ಲಿ 5 ಡಿಗ್ರಿಗಿಂತಲೂ ಕೆಳಗಿಳಿದಿರುವುದುಂಟು, ಮಾಗುತ್ತಿರುವ ದ್ರಾಕ್ಷಿ ಬಿರಿಯದಿರಲೆಂದು ರೈತರು ತೋಟದ ನಡುವೆ ಬೆಂಕಿಯೊಟ್ಟುವುದೂ ಉಂಟು. ಆದರೆ ಅದೇ ಸೀಮೆಯ ಪಾಲಿಹೌಸುಗಳಲ್ಲಿ ದೊಣ್ಣೆಮೆಣಸಿನಕಾಯಿಯನ್ನೂ ಸೌತೆಯನ್ನೂ ಬೆಳೆಯುವವರು ಅಗ್ನಿಯ ಗೊಡವೆಗೆ ಹೋಗದೆ, 200 ಮೈಕ್ರಾನಿನ ಪಾಲಿಥೀನು ಹಾಳೆಯೊಳಗೆ ಸಿಕ್ಕಿದ ಹಗಲಿನ ಬಿಸಿಲನ್ನೇ ನೆಚ್ಚಿ, ಹೊತ್ತು ಮುಳುಗುವ ಮುನ್ನವೇ ಪಕ್ಕದ ಪರದೆಗಳನ್ನು ಇಳಿಬಿಡುತ್ತಾರೆ. ಈ ನೆಚ್ಚಿಕೆಗೂ ಮಿತಿಯುಂಟು: ನಿರಭ್ರವೂ ನಿರ್ವಾತವೂ ಆದ ರಾತ್ರಿಗಳಲ್ಲಿ ಪಾಲಿಥೀನು ನೆಲದ ಕಾವನ್ನು ಆಕಾಶಕ್ಕೆ ಧಾರಾಳವಾಗಿ ಬಿಟ್ಟುಕೊಡುವುದರಿಂದ ಒಳಗಿನ ಗಾಳಿ ಹೊರಗಿನದಕ್ಕಿಂತ ಹೆಚ್ಚೇನೂ ಬೆಚ್ಚಗಿರದು, ಇಂಥ ಚಳಿ ಬಿಡದೆ ಮುಂದುವರಿದರೆ ಪರಾಗವು ಶಕ್ತಿಗುಂದಿ, ಮೆಣಸಿನಕಾಯಿ ಬೀಜವಿಲ್ಲದ ಚಪ್ಪಟೆ ಗುಂಡಿಯಂತೆ ಮುರುಟಿಕೊಳ್ಳುತ್ತದೆ. ಬೆಳಗ್ಗೆ ಹಾಳೆಯ ಒಳಮೈಯಲ್ಲಿ ಸಾಲುಗಟ್ಟಿದ ಹನಿಗಳು ಎಲೆಗಳ ಮೇಲೆ ತೊಟ್ಟಿಕ್ಕತೊಡಗುವವು. ಬಿಸಿಲೇರಿದೊಡನೆ ಪರದೆಯೆತ್ತಿ ಆ ತೇವವನ್ನು ಹೊರದೂಡದವನ ಮನೆಗೆ ಬೂಷ್ಟು ಕರೆಯದೆಯೇ ಬರುವ ಅತಿಥಿ. ಇನ್ನು ಛತ್ರಪತಿ ಸಂಭಾಜಿನಗರದ ಕಡೆ, ಎಂದರೆ 2023ರವರೆಗೆ ಔರಂಗಾಬಾದೆನಿಸಿದ್ದ ಜಿಲ್ಲೆಯಲ್ಲಿ, ಶೀತಕ್ಕಿಂತ ಗ್ರೀಷ್ಮವೇ ಪ್ರಬಲ ಶತ್ರು. ಆದಕಾರಣ ಈ ಎರಡು ಸೀಮೆಗಳಲ್ಲಿ ಹಸಿರುಮನೆ ಕಟ್ಟಹೊರಟವರು ಶಾಖಯಂತ್ರದ ಮಾತನ್ನು ಬಿಟ್ಟು, ಕೈಯಲ್ಲಿರುವ ಹಣವನ್ನು ಗಾಳಿಗಂಡಿಗೂ ಗಟ್ಟಿಯಾದ ಪರದೆಗೂ ವ್ಯಯಿಸುವುದೇ ಲೇಸು.