ಕೈತಪ್ಪಿದ ಆಟಗಾರ, ಮುಗಿಯದ ವಾದ

ಫುಟ್‌ಬಾಲ್ ಅಭಿಮಾನಿ ಸೋಲನ್ನು ಮರೆಯುತ್ತಾನೆ, ಕೈತಪ್ಪಿದ ಆಟಗಾರನನ್ನು ಮರೆಯುವುದಿಲ್ಲ. ಸೋಲು ನಡೆದದ್ದು ಎಲ್ಲರ ಕಣ್ಣೆದುರು, ತೊಂಬತ್ತು ನಿಮಿಷಗಳಲ್ಲಿ. ಯಾರು ಓಡಲಿಲ್ಲ, ಯಾರು ಪೆನಾಲ್ಟಿ ಹಾಳುಮಾಡಿದರು ಎಂಬುದಕ್ಕೆ ಸಾವಿರಾರು ಸಾಕ್ಷಿಗಳಿರುತ್ತಾರೆ. ಆಟಗಾರನ ವರ್ಗಾವಣೆ ಮುರಿದುಬೀಳುವುದು ಮಾತ್ರ ಮುಚ್ಚಿದ ಬಾಗಿಲ ಹಿಂದೆ. ಒಳಗಿದ್ದವರು ಒಬ್ಬೊಬ್ಬರೂ ಒಂದೊಂದು ಕಥೆ ಹೇಳುತ್ತಾರೆ, ಹೊರಗಿದ್ದವರು ತಮಗೆ ಒಪ್ಪಿದ್ದನ್ನು ನಂಬುತ್ತಾರೆ. ಇಂಥ ಒಂದು ವಾದ ಸ್ಪೇನಿನಲ್ಲಿ ಏಳು ದಶಕ ದಾಟಿಯೂ ನಿಂತಿಲ್ಲ. ಆಲ್ಫ್ರೆಡೊ ಡಿ ಸ್ಟೆಫಾನೊ ಬಾರ್ಸಿಲೋನಾದ ಕೈತಪ್ಪಿದ್ದು ಯಾರ ತಪ್ಪಿನಿಂದ?

ಡಿ ಸ್ಟೆಫಾನೊ 1926ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹುಟ್ಟಿದವರು, ರಿವರ್ ಪ್ಲೇಟ್ ಕ್ಲಬ್ಬಿನಲ್ಲಿ ಬೆಳೆದವರು. ಅರ್ಜೆಂಟೀನಾದ ಆಟಗಾರರು ಮುಷ್ಕರ ಹೂಡಿದ ಕಾಲದಲ್ಲಿ, 1949ರಲ್ಲಿ, ಕೊಲಂಬಿಯಾಕ್ಕೆ ಹೋಗಿ ಬೊಗೊಟಾದ ಮಿಲ್ಯೊನಾರಿಯೋಸ್ ಸೇರಿದರು. ಆಗ ಕೊಲಂಬಿಯಾದ ಲೀಗ್ ಫಿಫಾದ ಹೊರಗಿತ್ತು. ಬೇರೆ ದೇಶದ ಕ್ಲಬ್‌ಗಳಿಗೆ ಬಿಡಿಗಾಸೂ ಕೊಡದೆ ಅಲ್ಲಿನ ಆಟಗಾರರನ್ನು ದೊಡ್ಡ ಸಂಬಳದ ಆಸೆ ತೋರಿಸಿ ಕರೆಸಿಕೊಳ್ಳುತ್ತಿತ್ತು. 1951ರಲ್ಲಿ ಲಿಮಾದಲ್ಲಿ ಒಂದು ರಾಜಿಯಾಯಿತು: ಹೀಗೆ ಬಂದ ಆಟಗಾರರು 1954ರ ಅಕ್ಟೋಬರ್‌ವರೆಗೆ ಕೊಲಂಬಿಯಾದ ಕ್ಲಬ್‌ಗಳಲ್ಲಿ ಇರಬಹುದು, ಆಮೇಲೆ ಅವರ ಹಕ್ಕು ಮೂಲ ಕ್ಲಬ್ಬಿಗೆ ಮರಳುತ್ತದೆ. ಅಂದರೆ ಡಿ ಸ್ಟೆಫಾನೊ ಮೇಲೆ ಅಲ್ಲಿಯವರೆಗೆ ಮಿಲ್ಯೊನಾರಿಯೋಸ್‌ನ ಹಕ್ಕು, ಅನಂತರ ರಿವರ್ ಪ್ಲೇಟ್‌ನ ಹಕ್ಕು.

1952ರಲ್ಲಿ ರಿಯಲ್ ಮ್ಯಾಡ್ರಿಡ್ ತನ್ನ ಐವತ್ತನೆಯ ವರ್ಷದ ಉತ್ಸವಕ್ಕೆ ಮಿಲ್ಯೊನಾರಿಯೋಸ್ ತಂಡವನ್ನು ಆಹ್ವಾನಿಸಿತು. ಬಂದ ಅತಿಥಿಗಳು ಆತಿಥೇಯರನ್ನೇ ಸೋಲಿಸಿದರು. ಡಿ ಸ್ಟೆಫಾನೊ ಆಟ ನೋಡಿ ಸ್ಪೇನಿನ ಎರಡು ದೊಡ್ಡ ಕ್ಲಬ್‌ಗಳೂ ಅವರ ಬೆನ್ನುಹತ್ತಿದವು. ಬಾರ್ಸಿಲೋನಾ ರಿವರ್ ಪ್ಲೇಟ್‌ನೊಂದಿಗೆ ಮಾತು ಮುಗಿಸಿತು. ಮ್ಯಾಡ್ರಿಡ್ ಮಿಲ್ಯೊನಾರಿಯೋಸ್‌ನೊಂದಿಗೆ ಮಾತು ಮುಗಿಸಿತು. 1953ರ ಮೇ ತಿಂಗಳಲ್ಲಿ ಡಿ ಸ್ಟೆಫಾನೊ ಹೆಂಡತಿ ಮಕ್ಕಳೊಂದಿಗೆ ಬಾರ್ಸಿಲೋನಾಕ್ಕೆ ಬಂದಿಳಿದರು, ಆ ಬೇಸಿಗೆಯಲ್ಲಿ ಬಾರ್ಸಿಲೋನಾದ ಅಂಗಿ ತೊಟ್ಟು ಸ್ನೇಹಪಂದ್ಯಗಳನ್ನೂ ಆಡಿದರು. ಆದರೆ ಲೀಗ್ ಆಡಲು ಬೇಕಾದ ಪರವಾನಗಿಯನ್ನು ಸ್ಪೇನಿನ ಫುಟ್‌ಬಾಲ್ ಫೆಡರೇಷನ್ ಕೊಡಲಿಲ್ಲ, ಮಿಲ್ಯೊನಾರಿಯೋಸ್‌ನ ಒಪ್ಪಿಗೆ ಇಲ್ಲ ಎಂದಿತು. ನಮ್ಮ ಊರುಗಳಲ್ಲಿ ಇಬ್ಬರು ವಾರಸುದಾರರಿರುವ ಜಮೀನನ್ನು ಒಬ್ಬರ ಸಹಿ ಮಾತ್ರ ಪಡೆದು ಕೊಂಡುಕೊಂಡವರು ಸಬ್‌ ರಿಜಿಸ್ಟ್ರಾರ್ ಕಚೇರಿಯಲ್ಲಿ ನಿಂತು ಒದ್ದಾಡುವ ಸ್ಥಿತಿ ಬಾರ್ಸಿಲೋನಾದ್ದಾಯಿತು.

ಮುಂದಿನದು ಇನ್ನೂ ವಿಚಿತ್ರ. ಆಗಸ್ಟ್‌ನಲ್ಲಿ ಸ್ಪೇನ್ ಸರ್ಕಾರದ ಕ್ರೀಡಾಧಿಕಾರಿಗಳು ವಿದೇಶಿ ಆಟಗಾರರ ಸೇರ್ಪಡೆಯನ್ನೇ ನಿಷೇಧಿಸಿದರು. ಫೆಡರೇಷನ್ನಿನ ಮಾಜಿ ಅಧ್ಯಕ್ಷ ಮುನ್ಯೊಸ್ ಕಲೆರೊ ಮಧ್ಯಸ್ಥಿಕೆ ವಹಿಸಿದರು. ಸೆಪ್ಟೆಂಬರ್ 15ರಂದು ಹೊರಬಂದ ತೀರ್ಮಾನದ ಪ್ರಕಾರ ಡಿ ಸ್ಟೆಫಾನೊ ನಾಲ್ಕು ಋತುಗಳ ಕಾಲ ಸರದಿಯಂತೆ ಒಂದು ವರ್ಷ ಮ್ಯಾಡ್ರಿಡ್‌ಗೆ, ಮರುವರ್ಷ ಬಾರ್ಸಿಲೋನಾಕ್ಕೆ ಆಡಬೇಕು, ಮೊದಲ ವರ್ಷ ಮ್ಯಾಡ್ರಿಡ್‌ನದು. ಬಾರ್ಸಿಲೋನಾದ ಅಧ್ಯಕ್ಷ ಎನ್ರಿಕ್ ಮಾರ್ತಿ ಸಹಿ ಹಾಕಿದರು. ಅಭಿಮಾನಿಗಳು ಸಿಟ್ಟಿಗೆದ್ದರು, ಕೆಲವೇ ದಿನಗಳಲ್ಲಿ ಮಾರ್ತಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಹಂಗಾಮಿ ಆಡಳಿತ, ಕೊಟ್ಟ ಹಣ ಮರಳಿದರೆ ಸಾಕು ಎಂದು ತನ್ನ ಪಾಲಿನ ಹಕ್ಕನ್ನು ಮ್ಯಾಡ್ರಿಡ್‌ಗೇ ಬಿಟ್ಟುಕೊಟ್ಟಿತು. ಅಕ್ಟೋಬರ್ 25ರಂದು ಎರಡೂ ತಂಡಗಳು ಎದುರಾದವು. ಮ್ಯಾಡ್ರಿಡ್ 5-0ರಿಂದ ಗೆದ್ದಿತು, ಗೋಲು ಹೊಡೆದವರಲ್ಲಿ ಡಿ ಸ್ಟೆಫಾನೊ ಇದ್ದರು.

ಆ ದಿನದವರೆಗೆ ರಿಯಲ್ ಮ್ಯಾಡ್ರಿಡ್ ಗೆದ್ದಿದ್ದ ಲೀಗ್ ಪ್ರಶಸ್ತಿ ಎರಡೇ, 1932 ಮತ್ತು 1933ರಲ್ಲಿ. ಬಾರ್ಸಿಲೋನಾದ ಖಾತೆಯಲ್ಲಿ ಆರು ಇದ್ದವು. ಡಿ ಸ್ಟೆಫಾನೊ ಇದ್ದ ಹನ್ನೊಂದು ಋತುಗಳಲ್ಲಿ ಮ್ಯಾಡ್ರಿಡ್ ಎಂಟು ಬಾರಿ ಲೀಗ್ ಗೆದ್ದಿತು. 1956ರಿಂದ 1960ರವರೆಗೆ ಸತತ ಐದು ಸಲ ಯುರೋಪಿಯನ್ ಕಪ್ ಎತ್ತಿತು, ಐದೂ ಫೈನಲ್‌ಗಳಲ್ಲಿ ಡಿ ಸ್ಟೆಫಾನೊ ಗೋಲು ಹೊಡೆದರು. ಒಬ್ಬ ಆಟಗಾರನ ಸಹಿ ಎರಡು ಕ್ಲಬ್‌ಗಳ ಚರಿತ್ರೆಯನ್ನು ಹೀಗೆ ತಿರುಗಿಸಿದ್ದಕ್ಕೆ ಫುಟ್‌ಬಾಲ್‌ನಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣದು.

ಹಾಗಾದರೆ ತಪ್ಪು ಯಾರದು? ಬಾರ್ಸಿಲೋನಾದ ಅಭಿಮಾನಿಯನ್ನು ಕೇಳಿದರೆ ಉತ್ತರ ಸಿದ್ಧವಿದೆ: ಸರ್ವಾಧಿಕಾರಿ ಫ್ರಾಂಕೊ. ಬಾರ್ಸಿಲೋನಾ ಇರುವ ಕೆಟಲೋನಿಯಾದ ಭಾಷೆಯನ್ನು ತುಳಿದ, ಆ ನಾಡಿನ ಸ್ವಾಯತ್ತತೆಯನ್ನು ಕಿತ್ತುಕೊಂಡ ಆಡಳಿತ, ಅದರ ಆಟಗಾರನನ್ನೂ ಕಿತ್ತುಕೊಂಡಿತು ಎಂಬುದು ಅವರ ನಂಬಿಕೆ. ಮಾರ್ತಿಯವರ ಉದ್ಯಮದ ಮೇಲೆ ಒತ್ತಡ ತಂದು ಬಗ್ಗಿಸಲಾಯಿತು ಎಂಬ ಮಾತೂ ಅಲ್ಲಿ ಇದೆ. ಮ್ಯಾಡ್ರಿಡ್‌ನ ಅಭಿಮಾನಿಯ ಉತ್ತರ ಬೇರೆ: ಕ್ಲಬ್ಬಿನ ಅಧ್ಯಕ್ಷ ಸಾಂತಿಯಾಗೊ ಬರ್ನಬ್ಯೂ ಮತ್ತು ಅವರ ಬಲಗೈ ರೈಮುಂಡೊ ಸಪೋರ್ತ ಚುರುಕಾಗಿ ಕೆಲಸ ಮಾಡಿದರು, ಬಾರ್ಸಿಲೋನಾದವರು ಎಡವಿದರು, ಕೊನೆಗೆ ತಾವಾಗಿಯೇ ಬಿಟ್ಟುಕೊಟ್ಟರು.

ಇಬ್ಬರ ಮಾತಿನಲ್ಲೂ ಸತ್ಯವಿದೆ, ಆದರೆ ಇಬ್ಬರೂ ಇನ್ನೊಬ್ಬರ ಸತ್ಯಕ್ಕೆ ಕಿವಿಗೊಡುವುದಿಲ್ಲ. ಕ್ರೀಡಾಡಳಿತ ಸಂಪೂರ್ಣವಾಗಿ ಸರ್ಕಾರದ ಮುಷ್ಟಿಯಲ್ಲಿದ್ದ ದೇಶದಲ್ಲಿ, ವ್ಯವಹಾರದ ನಡುವೆಯೇ ನಿಯಮ ಬದಲಾಯಿತು. ಅದನ್ನು ಸಹಜ ಎನ್ನುವವರು ಆ ಕಾಲದ ಸ್ಪೇನನ್ನು ಅರಿಯದವರು. ಹಾಗೆಯೇ, ಸಹಿ ಹಾಕಬೇಕಾದವರು ಇಬ್ಬರಿದ್ದಾರೆ ಎಂಬುದು ಲಿಮಾ ಒಪ್ಪಂದದ ದಿನದಿಂದಲೇ ಗೊತ್ತಿದ್ದ ಸಂಗತಿ. ಮಿಲ್ಯೊನಾರಿಯೋಸ್‌ನ ಒಪ್ಪಿಗೆಯನ್ನು ಮೊದಲೇ ಪಡೆದಿದ್ದರೆ ಫೆಡರೇಷನ್ನಿಗೆ ತಡೆಹಿಡಿಯಲು ನೆಪವೇ ಸಿಗುತ್ತಿರಲಿಲ್ಲ. ಕ್ಷಯದಿಂದ ಮಲಗಿದ್ದ ತಾರೆ ಕುಬಾಲ ಚೇತರಿಸಿಕೊಂಡು ಮೈದಾನಕ್ಕೆ ಮರಳಿದ್ದರಿಂದಲೂ ಬಾರ್ಸಿಲೋನಾದ ಆಡಳಿತದ ಆತುರ ಕಡಿಮೆಯಾಯಿತು. ಸರ್ವಾಧಿಕಾರದ ಅನ್ಯಾಯ ಕ್ಲಬ್ಬಿನ ಬೇಜವಾಬ್ದಾರಿಯನ್ನು ಅಳಿಸಿಹಾಕುವುದಿಲ್ಲ, ಕ್ಲಬ್ಬಿನ ಬೇಜವಾಬ್ದಾರಿ ಸರ್ವಾಧಿಕಾರಕ್ಕೆ ಸಮರ್ಥನೆಯೂ ಆಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೇಳಬಲ್ಲ ಅಭಿಮಾನಿ ಮಾತ್ರ ನ್ಯಾಯದ ಹತ್ತಿರ ಇರುತ್ತಾನೆ.

ಈ ವಾದಗಳಲ್ಲಿ ನನ್ನನ್ನು ಕಾಡುವ ಇನ್ನೊಂದು ಸಂಗತಿಯಿದೆ. ತಪ್ಪಿನ ತೂಕವನ್ನು ನಾವು ಅಳೆಯುವುದು ಆಮೇಲಿನ ಫಲಿತಾಂಶದಿಂದ. 2003ರ ಬಾರ್ಸಿಲೋನಾ ಅಧ್ಯಕ್ಷ ಚುನಾವಣೆಯಲ್ಲಿ ಜುವಾನ್ ಲಪೋರ್ತ, ತಾನು ಗೆದ್ದರೆ ಡೇವಿಡ್ ಬೆಕಮ್ ಬರುತ್ತಾರೆ ಎಂದು ಸಾರಿದ್ದರು. ಲಪೋರ್ತ ಗೆದ್ದರು, ಬೆಕಮ್ ರಿಯಲ್ ಮ್ಯಾಡ್ರಿಡ್‌ಗೆ ಹೋದರು. ಮಾತು ತಪ್ಪಿದ್ದಕ್ಕೆ ಅವರನ್ನು ಇಂದು ದೂರುವವರು ವಿರಳ. ಬೆಕಮ್ ಬದಲಿಗೆ ಬಂದವರು ರೊನಾಲ್ಡಿನೊ, ಕ್ಲಬ್ಬಿನ ಭಾಗ್ಯದ ಬಾಗಿಲು ತೆರೆದವರು. ಕ್ಲಬ್ಬಿನ ಸದಸ್ಯರಿಗೆ ಕೊಟ್ಟ ಭರವಸೆ ಈಡೇರಲಿಲ್ಲ ಎಂಬ ಮಟ್ಟಿಗೆ 1953 ಮತ್ತು 2003 ಒಂದೇ. ಮೊದಲನೆಯದು ಎಪ್ಪತ್ತು ವರ್ಷದ ಗಾಯವಾಯಿತು, ಎರಡನೆಯದನ್ನು ಜನ ನಗುತ್ತ ನೆನೆಯುತ್ತಾರೆ.

2015ರ ಆಗಸ್ಟ್ 31ರ ರಾತ್ರಿಯದೂ ಇದೇ ಪಾಠ. ಮ್ಯಾಂಚೆಸ್ಟರ್ ಯುನೈಟೆಡ್‌ನ ಗೋಲ್‌ಕೀಪರ್ ಡೇವಿಡ್ ಡಿ ಹೆಯಾ ತಾವು ಹುಟ್ಟಿದ ಊರಾದ ಮ್ಯಾಡ್ರಿಡ್‌ಗೆ ಹೋಗಬೇಕಿತ್ತು, ರಿಯಲ್ ಮ್ಯಾಡ್ರಿಡ್‌ನ ಕೇಲರ್ ನವಾಸ್ ಇಂಗ್ಲೆಂಡಿಗೆ ಬರಬೇಕಿತ್ತು. ಸ್ಪೇನಿನಲ್ಲಿ ವರ್ಗಾವಣೆ ಅವಧಿ ಮಧ್ಯರಾತ್ರಿಗೆ ಮುಗಿಯುತ್ತಿತ್ತು. ಅಂತರರಾಷ್ಟ್ರೀಯ ವರ್ಗಾವಣೆಗೆ ಫಿಫಾದ ಕಂಪ್ಯೂಟರ್ ವ್ಯವಸ್ಥೆಯೊಂದಿದೆ. ಕೊಡುವ ಕ್ಲಬ್ ಮತ್ತು ಕೊಳ್ಳುವ ಕ್ಲಬ್ ಎರಡೂ ತಮ್ಮ ತಮ್ಮ ದಾಖಲೆಗಳನ್ನು ಅದರಲ್ಲಿ ಸೇರಿಸಬೇಕು, ಎರಡೂ ತಾಳೆಯಾಗಬೇಕು. ಅಂದು ರಾತ್ರಿ ಗಡುವಿನೊಳಗೆ ಅದು ಆಗಲಿಲ್ಲ. ಮರುದಿನ ಎರಡು ಕ್ಲಬ್‌ಗಳೂ ಗಂಟೆ ನಿಮಿಷಗಳ ಲೆಕ್ಕದೊಂದಿಗೆ ಹೇಳಿಕೆ ಹೊರಡಿಸಿ ತಪ್ಪನ್ನು ಪರಸ್ಪರರ ತಲೆಗೆ ಕಟ್ಟಿದವು. ಅಭಿಮಾನಿಗಳು ಆ ನಿಮಿಷಗಳನ್ನೇ ಹಿಡಿದು ವಾದಕ್ಕಿಳಿದರು. ಇಡೀ ಬೇಸಿಗೆ ಸಿಕ್ಕಿದ್ದರೂ ಎರಡು ಶ್ರೀಮಂತ ಕ್ಲಬ್‌ಗಳು ಕೊನೆಯ ದಿನದವರೆಗೆ ಕಾದು ಕುಳಿತದ್ದೇಕೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಹಿಂದೆ ಸರಿಯಿತು. ನಿಜವಾದ ತಪ್ಪು ಇದ್ದದ್ದು ಅಲ್ಲಿ, ಅದರಲ್ಲಿ ಇಬ್ಬರಿಗೂ ಪಾಲಿತ್ತು.

ಆಮೇಲೆ ನವಾಸ್ ರಿಯಲ್ ಮ್ಯಾಡ್ರಿಡ್‌ಗಾಗಿ 2016, 2017, 2018ರಲ್ಲಿ ಸತತ ಮೂರು ಚಾಂಪಿಯನ್ಸ್ ಲೀಗ್ ಗೆದ್ದರು. ಡಿ ಹೆಯಾ ಅದೇ ಸೆಪ್ಟೆಂಬರ್‌ನಲ್ಲಿ ಯುನೈಟೆಡ್‌ನೊಂದಿಗೆ ಹೊಸ ಕರಾರು ಮಾಡಿಕೊಂಡು 2023ರವರೆಗೆ ಅಲ್ಲೇ ಉಳಿದರು. ವಾದ ತಾನಾಗಿ ತಣ್ಣಗಾಯಿತು. ಆದರೆ ಫಲಿತಾಂಶ ಒಳ್ಳೆಯದಾಯಿತೆಂದು ಆ ರಾತ್ರಿಯ ಕೆಲಸ ಒಳ್ಳೆಯದಾಗಿಬಿಡುವುದಿಲ್ಲ. ಒಬ್ಬ ಆಟಗಾರ ತವರಿಗೆ ಹೊರಡಲು ಸಿದ್ಧನಾಗಿದ್ದ, ಇನ್ನೊಬ್ಬ ಗುರುತಿಲ್ಲದ ದೇಶಕ್ಕೆ ಹೊರಡಲು ಸಿದ್ಧನಾಗಿದ್ದ. ಇಬ್ಬರ ಬದುಕನ್ನೂ ಕಡೆಯ ನಿಮಿಷದ ಕಾಗದಗಳಿಗೆ ನೇತುಹಾಕಲಾಗಿತ್ತು. ಎರಡು ವರ್ಷದ ನಂತರ ಆಡ್ರಿಯನ್ ಸಿಲ್ವ ಪೋರ್ಚುಗಲ್‌ನಿಂದ ಲೆಸ್ಟರ್‌ಗೆ ಬಂದಾಗ ದಾಖಲೆ ತಲುಪಿದ್ದು ಹದಿನಾಲ್ಕು ಸೆಕೆಂಡು ತಡವಾಗಿ. 2018ರ ಜನವರಿಯವರೆಗೆ ಆ ಮಿಡ್‌ಫೀಲ್ಡರ್ ಪಂದ್ಯವಾಡುವಂತಿರಲಿಲ್ಲ. ಕ್ಲಬ್‌ಗಳು ಮಾಡಿದ ತಡಕ್ಕೆ ದಂಡ ತೆತ್ತವನು ಆಟಗಾರ.

ನಮ್ಮವರ ಕಥೆಯೂ ಒಂದಿದೆ. ಮುಂದೆ ಬೆಂಗಳೂರು ಎಫ್‌ಸಿಯ ನಾಯಕರಾಗಿ ಕಂಠೀರವ ಕ್ರೀಡಾಂಗಣವನ್ನು ತುಂಬಿಸಿದ ಸುನಿಲ್ ಛೆಟ್ರಿ 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಸೇರುವವರಿದ್ದರು. ಕ್ಲಬ್ ಒಪ್ಪಿತ್ತು, ಆಟಗಾರ ಒಪ್ಪಿದ್ದರು. ಬ್ರಿಟನ್ ಕೆಲಸದ ಪರವಾನಗಿ ನಿರಾಕರಿಸಿತು. ಆಟಗಾರನ ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕು ಎಂಬುದು ಅಲ್ಲಿನ ನಿಯಮ, ಭಾರತ ಆಗ ನೂರರೊಳಗೂ ಇರಲಿಲ್ಲ. ನಾವು ಬ್ರಿಟನ್ನನ್ನು ಬೈದೆವು. ನಿಯಮ ಕಠಿಣವಾಗಿತ್ತು, ಒಬ್ಬನ ಪ್ರತಿಭೆಯನ್ನು ಅವನ ದೇಶದ ಸ್ಥಾನದಿಂದ ಅಳೆಯುವುದು ಸರಿಯೂ ಅಲ್ಲ. ಆದರೆ ಆ ಸ್ಥಾನಕ್ಕೆ ದೇಶವನ್ನು ಇಳಿಸಿದವರು ಬ್ರಿಟನ್ನಿನವರಲ್ಲ. 1951 ಮತ್ತು 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ದೇಶ ದಶಕಗಳ ಕಾಲ ಮಕ್ಕಳ ತರಬೇತಿಯನ್ನು, ಮೈದಾನಗಳನ್ನು, ಲೀಗ್ ವ್ಯವಸ್ಥೆಯನ್ನು ಕಡೆಗಣಿಸಿದ್ದರ ಲೆಕ್ಕ ಛೆಟ್ರಿಯವರ ಹೆಗಲೇರಿತು.

ಯಾರನ್ನು ದೂರಬೇಕು ಎಂದು ವಾದಿಸುವುದು ವ್ಯರ್ಥ ಎಂದು ನಾನು ಹೇಳಲಾರೆ. ಅದು ಕ್ಲಬ್ ತನ್ನದೆಂದು ಭಾವಿಸುವವರ ಹಕ್ಕು. ಬಾರ್ಸಿಲೋನಾ, ಮ್ಯಾಡ್ರಿಡ್‌ಗಳಲ್ಲಿ ಇಂದು ಸದಸ್ಯರೇ ಮತ ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಅಲ್ಲಿ ಅಭಿಮಾನಿಯ ದೂರು ಮತವಾಗುತ್ತದೆ, ಮತ ಆಡಳಿತವನ್ನು ಬದಲಿಸುತ್ತದೆ. ಅಷ್ಟು ಬೆಲೆಯಿರುವ ದೂರನ್ನು ಅಳೆದು ತೂಗಿ ಹೊರಿಸಬೇಕು. ಆ ದಿನ ಯಾರ ಕೈಯಲ್ಲಿ ಅಧಿಕಾರವಿತ್ತು, ಅವರಿಗೆ ಏನು ಗೊತ್ತಿತ್ತು, ಎಷ್ಟು ಸಮಯವಿತ್ತು ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಆಮೇಲೆ ಗೆದ್ದರೋ ಸೋತರೋ ಎಂಬುದನ್ನು ಪಕ್ಕಕ್ಕಿಡಿ. ಮೊದಲ ಪ್ರಶ್ನೆಯನ್ನು ಎದುರಾಳಿಗೆ, ಸರ್ಕಾರಕ್ಕೆ, ಕಂಪ್ಯೂಟರ್‌ಗೆ ಕೇಳುವ ಮುನ್ನ ನಿಮ್ಮದೇ ಕ್ಲಬ್ಬಿನ ಆಡಳಿತ ಮಂಡಳಿಗೆ, ನಿಮ್ಮದೇ ದೇಶದ ಫೆಡರೇಷನ್ನಿಗೆ ಕೇಳಿ. ಉತ್ತರ ಕೊಡುವ ಹೊಣೆ ಅವರಿಗಿದೆ, ಪಡೆಯುವ ಹಕ್ಕು ನಿಮಗಿದೆ. ಮತ್ತು ದಯವಿಟ್ಟು, ಬಾರದೆ ಹೋದ ಆಟಗಾರನನ್ನು ಬೈಯಬೇಡಿ. ಬಹಳಷ್ಟು ಸಲ ಆ ಬಾಗಿಲ ಹಿಂದೆ ಅವನ ಮಾತನ್ನು ಯಾರೂ ಕೇಳಿರುವುದಿಲ್ಲ.