ರಿಕಾಪಿನ ಮೇಲಿನ ಇಸವಿ

ಹಳೆಯ ವಸ್ತುವಿನ ಮೇಲೆ ಇಸವಿಯೊಂದು ಕಂಡರೆ ಅದನ್ನೇ ಅದರ ಜನ್ಮವರ್ಷವೆಂದು ನಂಬುವುದು ಸುಲಭ. ಕಾಲನಿರ್ಣಯವನ್ನು ಅಭ್ಯಾಸ ಮಾಡುವ ಐಚ್ಛಿಕ ಕನ್ನಡ ವಿದ್ಯಾರ್ಥಿಗಳು ಈ ನಂಬಿಕೆಯನ್ನು ತೊರೆಯಬೇಕೆಂಬುದು ನನ್ನ ಅಭಿಪ್ರಾಯ. ಕುದುರೆಯ ಜೀನು ಮತ್ತು ಸವಾರನು ಕಾಲಿಡುವ ರಿಕಾಪು ಇದಕ್ಕೆ ಒಳ್ಳೆಯ ದೃಷ್ಟಾಂತ.

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಜೀನಿಗೂ, ಸವಾರನು ಬಿದ್ದಾಗ ಕಾಲು ಸಿಕ್ಕಿಕೊಳ್ಳದಂತೆ ತೆರೆದುಕೊಳ್ಳುವ ರಿಕಾಪಿಗೂ ಅನೇಕ ಪೇಟೆಂಟುಗಳು ದೊರೆತವು. ಅಮೆರಿಕದ 1842ರ ಕಾಯಿದೆಯು ಪೇಟೆಂಟಿನ ದಿನಾಂಕವನ್ನು ವಸ್ತುವಿನ ಮೇಲೆ ಒತ್ತಬೇಕೆಂದು ವಿಧಿಸಿತು. ಆದುದರಿಂದ ರಿಕಾಪೊಂದರ ಮೇಲೆ 1880 ಎಂದಿದ್ದರೆ ಅದು ಆ ರಚನೆಗೆ ಹಕ್ಕು ದೊರೆತ ವರ್ಷವೇ ಹೊರತು, ಆ ರಿಕಾಪನ್ನು ತಯಾರಿಸಿದ ವರ್ಷವಲ್ಲ. 1861ರ ಕಾಯಿದೆಯಂತೆ ಅಲ್ಲಿನ ಪೇಟೆಂಟಿನ ಅವಧಿ 17 ವರ್ಷ. 1896ರಲ್ಲಿ ತಯಾರಾದುದೂ ಅದೇ ಮುದ್ರೆಯನ್ನು ಹೊತ್ತಿರಬಹುದು. ಮುದ್ರೆ ಹೇಳುವುದು ಇಷ್ಟನ್ನೇ: ವಸ್ತು ಇದಕ್ಕಿಂತ ಹಿಂದಿನದಲ್ಲ.

ಬರಿಯ ಸಂಖ್ಯೆಯಿದ್ದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಅಮೆರಿಕದ ಪೇಟೆಂಟ್ ಸಂಖ್ಯೆಗಳು 1836ರಿಂದ ಒಂದೇ ಸರಣಿಯಲ್ಲಿ ನಡೆದಿವೆ. ಅವುಗಳಿಂದ ವರ್ಷವನ್ನು ತಿಳಿಯಬಹುದು. ಬ್ರಿಟನ್ನಿನಲ್ಲಾದರೋ 1852ರಿಂದ 1915ರವರೆಗೆ ಪ್ರತಿವರ್ಷವೂ ಎಣಿಕೆ ಒಂದರಿಂದಲೇ ಆರಂಭವಾಗುತ್ತಿತ್ತು. ವರ್ಷವನ್ನು ಬಿಟ್ಟರೆ ಆ ಸಂಖ್ಯೆ ಮೂಕ. ಮೇಲಾಗಿ, ರಿಕಾಪು ಬಿಚ್ಚಿ ಬದಲಾಯಿಸಬಹುದಾದ ಭಾಗ. ಅದರ ಕಾಲವನ್ನು ಜೀನಿಗೆ ಆರೋಪಿಸಲಾಗದು. ಪೇಟೆಂಟ್ ಪತ್ರದ ಚಿತ್ರದೊಡನೆ ವಸ್ತುವನ್ನು ಹೋಲಿಸಿ, ತಯಾರಕನ ಹೆಸರು, ವಿಳಾಸಗಳನ್ನು ಅಂದಿನ ವ್ಯಾಪಾರ ಸೂಚಿಗಳಲ್ಲಿ ಹುಡುಕಿದಾಗ ಮಾತ್ರ ಇನ್ನೊಂದು ತುದಿಯ ಮಿತಿ ದೊರೆಯುತ್ತದೆ.

ನಮ್ಮ ಅಧ್ಯಯನದಲ್ಲಿಯೂ ಇದೇ ನ್ಯಾಯ. ‘ಕವಿರಾಜಮಾರ್ಗ’ವು ದುರ್ವಿನೀತನನ್ನು ಹೆಸರಿಸುವುದರಿಂದ ಅವನು ಆ ಗ್ರಂಥಕ್ಕಿಂತ ಈಚಿನವನಲ್ಲವೆಂದಷ್ಟೇ ಸಿದ್ಧವಾಗುತ್ತದೆ. ಮಡಿಕೇರಿಯ ತಾಮ್ರಶಾಸನದಲ್ಲಿ 388 ಎಂಬ ವರ್ಷವಿದ್ದರೂ, ಲಿಪಿಯನ್ನು ಪರಿಶೀಲಿಸಿ ಅದು ಬಹಳ ಈಚಿನದೆಂದು ವಾದಿಸಿದ ವಿದ್ವಾಂಸರುಂಟು. ಬರೆದ ವರ್ಷವೂ ಒಂದು ಸಾಕ್ಷಿ; ಅದೇ ತೀರ್ಪಲ್ಲ.

ಗಡಿನಾಡಿನ ನಮಗೆ ಈ ವಿವೇಕ ಇನ್ನಷ್ಟು ಅಗತ್ಯ. ಇಲ್ಲಿ ಕನ್ನಡದ ಹಳಮೆಯನ್ನು ಹೇಳಲು ನಾವು ಕಲ್ಲು, ತಾಳೆಗರಿಗಳನ್ನೇ ಮುಂದಿಡುತ್ತೇವೆ. ಅಭಿಮಾನದಿಂದ ಒಂದು ಶಾಸನಕ್ಕೆ ನೂರು ವರ್ಷ ಹೆಚ್ಚು ಕೊಟ್ಟರೆ, ಉಳಿದ ಹತ್ತು ನಿಜವಾದ ಶಾಸನಗಳ ಮೇಲೂ ಸಂಶಯ ಬೀಳುತ್ತದೆ. “ಇದಕ್ಕಿಂತ ಹಿಂದಿನದಲ್ಲ, ಇದಕ್ಕಿಂತ ಈಚಿನದಲ್ಲ” ಎಂದು ಎರಡು ಮಿತಿಗಳನ್ನು ಪ್ರಾಮಾಣಿಕವಾಗಿ ಹೇಳುವುದು ದೌರ್ಬಲ್ಯವಲ್ಲ. ನಮ್ಮ ವಾದಕ್ಕೆ ಅದೇ ಬಲ.