ಗುಡ್ಡಕ್ಕೆ ಮರಳಿದ ಹೆಸರು

ಅಮೆರಿಕಕ್ಕೆ ಹೋಗಿ ಬಂದವರು ಮೊದಲು ಅಲ್ಲಿಯ ರಸ್ತೆಯನ್ನು ಹೊಗಳುತ್ತಾರೆ. ರಸ್ತೆ ಚೆನ್ನಾಗಿಯೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಇಂದು ಬರೆಯಲು ಕುಳಿತದ್ದು ರಸ್ತೆಯ ಬದಿಯಲ್ಲಿ ಕಂಡ ಒಂದು ಬೋರ್ಡಿನ ಬಗ್ಗೆ.

2025ರ ಬೇಸಿಗೆ ರಜೆಯಲ್ಲಿ ನಾವು ಗಂಡಹೆಂಡತಿ ಅಟ್ಲಾಂಟಾದಲ್ಲಿರುವ ಮೈದುನನ ಮನೆಗೆ ಹೋಗಿದ್ದೆವು. ಸರಕಾರಿ ಶಾಲೆಯವರಿಗೆ ವಿದೇಶಕ್ಕೆ ಹೋಗಲು ಅನುಮತಿ ಪತ್ರ ಸಿಗುವುದೇ ಒಂದು ಯಾತ್ರೆ, ಅದು ಇರಲಿ. ಮೈದುನನಿಗೆ ರಜೆ ಸಿಗಲಿಲ್ಲ. "ಅಣ್ಣ, ಅತ್ತಿಗೆ, ನೀವಿಬ್ಬರೇ ಕಾರು ತೆಗೆದುಕೊಂಡು ಹೋಗಿ" ಎಂದ. ಹೀಗೆ ಹೊರಟದ್ದು ಗ್ರೇಟ್ ಸ್ಮೋಕಿ ಮೌಂಟನ್ಸ್ ಎಂಬ ರಾಷ್ಟ್ರೀಯ ಉದ್ಯಾನಕ್ಕೆ. ಉದ್ಯಾನ ಎಂದರೆ ಹೂದೋಟವಲ್ಲ, ಎರಡು ರಾಜ್ಯಗಳಲ್ಲಿ ಹಬ್ಬಿದ ಕಾಡು, ಬೆಟ್ಟ, ಹೊಳೆ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಅತಿ ಹೆಚ್ಚು ಜನ ಬರುವುದು ಇಲ್ಲಿಗೆ. ಪ್ರವೇಶ ಶುಲ್ಕವಿಲ್ಲ, ಗಾಡಿ ನಿಲ್ಲಿಸುವುದಕ್ಕೆ ಮಾತ್ರ ದಿನಕ್ಕೆ 5 ಡಾಲರಿನ ಚೀಟಿ. ಬಲಬದಿಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದ ನಮ್ಮ ಯಜಮಾನರು ಮೊದಲ ಒಂದು ಗಂಟೆ ಮಾತೇ ಆಡಲಿಲ್ಲ. ಪಕ್ಕದಲ್ಲಿ ಕುಳಿತವರ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು.

ಉದ್ಯಾನದ ದಕ್ಷಿಣ ಬಾಗಿಲಲ್ಲಿ ಚೆರೋಕೀ ಎಂಬ ಊರಿದೆ. ಅಲ್ಲಿಯ ಬೀದಿ ಬೋರ್ಡುಗಳಲ್ಲಿ ಇಂಗ್ಲಿಷಿನ ಜೊತೆ ಇನ್ನೊಂದು ಲಿಪಿ ಕಂಡಿತು. ಕಾರನ್ನು ಬದಿಗೆ ನಿಲ್ಲಿಸಿ ನೋಡಿದೆವು. ಎರಡು ಭಾಷೆಯ ಬೋರ್ಡು ಕಂಡರೆ ಕಾಸರಗೋಡಿನವರು ನಿಲ್ಲದೆ ಹೋಗುವುದುಂಟೇ?

ಅದು ಚೆರೋಕೀ ಲಿಪಿ. ಸೆಕ್ವೋಯಾ ಎಂಬಾತ ಯಾವ ಭಾಷೆಯನ್ನೂ ಓದಲು ಬಾರದವನಾಗಿದ್ದು, ತನ್ನ ಜನರ ಮಾತಿಗೆಂದು ಸುಮಾರು 1821ರಲ್ಲಿ ಅದನ್ನು ರೂಪಿಸಿದ. ಒಂದೊಂದು ಅಕ್ಷರವೂ ಒಂದೊಂದು ಪೂರ್ಣ ಉಚ್ಚಾರ, ನಮ್ಮ ಕಾಗುಣಿತದ ಹಾಗೆ. 1828ರಲ್ಲಿ ಅದೇ ಲಿಪಿಯಲ್ಲಿ 'ಚೆರೋಕೀ ಫೀನಿಕ್ಸ್' ಪತ್ರಿಕೆ ಹೊರಟಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಬಂದದ್ದು 1843ರಲ್ಲಿ. ಅಂದರೆ ಪತ್ರಿಕೆಯ ವಿಷಯದಲ್ಲಿ ಅವರು ನಮಗಿಂತ ಹದಿನೈದು ವರ್ಷ ಹಿರಿಯರು. ಆದರೂ 1838ರಲ್ಲಿ ಆ ಜನರನ್ನು ಸೈನಿಕರು ಮನೆಗಳಿಂದ ಎಬ್ಬಿಸಿ ಪಶ್ಚಿಮಕ್ಕೆ ಅಟ್ಟಿದರು. ಸಾವಿರಾರು ಮಂದಿ ದಾರಿಯಲ್ಲೇ ತೀರಿಕೊಂಡರು. ಬೆಟ್ಟಗಳ ನಡುವೆ ಹೇಗೋ ಉಳಿದುಕೊಂಡವರ ಸಂತತಿ ಇಂದು ಈ ಊರಿನಲ್ಲಿದೆ.

ಮರುದಿನ ಬೆಟ್ಟ ಹತ್ತಿದೆವು. ನ್ಯೂಫೌಂಡ್ ಗ್ಯಾಪ್ ಎಂಬಲ್ಲಿ ಟೆನೆಸೀ ಮತ್ತು ನಾರ್ತ್ ಕೆರೊಲಿನಾ ರಾಜ್ಯಗಳ ಗಡಿ. ಜನ ಗಡಿಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಗುತ್ತಾ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು. ಆದರೆ ನಮಗೆ ತಲಪಾಡಿ ನೆನಪಾಯಿತು. 2020ರ ಮಾರ್ಚಿನಲ್ಲಿ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳು ಈಚೆಯೇ ಉಳಿದ ದಿನಗಳು. ಗಡಿಯ ಮೇಲೆ ನಿಂತು ನಗುವುದಕ್ಕೂ ಪುಣ್ಯ ಬೇಕು.

ಅಲ್ಲಿಂದ ಏಳು ಮೈಲಿ ಹೋದರೆ ಆ ಉದ್ಯಾನದ ಅತಿ ಎತ್ತರದ ಶಿಖರ, 6,643 ಅಡಿ. 1859ರಿಂದ ಅದಕ್ಕೆ ಕ್ಲಿಂಗ್‌ಮನ್ ಎಂಬ ರಾಜಕಾರಣಿಯ ಹೆಸರಿತ್ತು. ಚೆರೋಕೀ ಜನ ಅದಕ್ಕಿಂತ ಬಹಳ ಹಿಂದಿನಿಂದ ಅದನ್ನು 'ಕುವೋಹಿ' ಎನ್ನುತ್ತಿದ್ದರು, ಹಿಪ್ಪುನೇರಳೆ ಮರಗಳ ಜಾಗ ಎಂದರ್ಥ. 2024ರ ಸೆಪ್ಟೆಂಬರ್ 18ರಂದು ಅಲ್ಲಿಯ ಸರಕಾರ ಹಳೆಯ ಹೆಸರನ್ನೇ ಮರಳಿ ಒಪ್ಪಿಕೊಂಡಿತು. ಅದು ತಾನಾಗಿ ಆದದ್ದಲ್ಲ. ಲವೀಟಾ ಹಿಲ್ ಮತ್ತು ಮೇರಿ ಕ್ರೋ ಎಂಬ ಇಬ್ಬರು ಚೆರೋಕೀ ಮಹಿಳೆಯರು 2022ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. ತಮ್ಮ ಬುಡಕಟ್ಟಿನ ಸಭೆಯಲ್ಲಿ ವಿಷಯ ಇಟ್ಟು ಒಪ್ಪಿಗೆ ಪಡೆದರು, ಸುತ್ತಲಿನವರ ಬೆಂಬಲ ಕೇಳಿದರು, ಸರಿಯಾದ ಕಚೇರಿಗೆ ಸರಿಯಾದ ಅರ್ಜಿ ಹೋಗುವಂತೆ ಮಾಡಿದರು. ಎರಡು ವರ್ಷದಲ್ಲಿ ಬೋರ್ಡು ಬದಲಾಯಿತು.

ಇದನ್ನು ಓದಿದಾಗ ಯಾರಿಗಾದರೂ ಕುಂಬಳೆ, ಮಂಜೇಶ್ವರ, ಮಧೂರು ನೆನಪಾಗಲೇಬೇಕು. 2021ರಲ್ಲಿ ನಮ್ಮ ಕೆಲವು ಊರುಗಳ ಹೆಸರನ್ನು ಬದಲಿಸುತ್ತಾರೆ ಎಂಬ ಸುದ್ದಿ ಹಬ್ಬಿ ದೊಡ್ಡ ಗಲಾಟೆಯಾಯಿತು. ಅಂಥ ತೀರ್ಮಾನವೇ ಇಲ್ಲ ಎಂದು ಸರಕಾರ ಹೇಳಿತು. ಗಲಾಟೆ ಮುಗಿಯಿತು, ನಾವೂ ಮನೆಗೆ ಹೋದೆವು. ನಮ್ಮ ಪದ್ಧತಿಯೇ ಹೀಗೆ. ಕೂಗುವಾಗ ಎಲ್ಲರೂ ಇರುತ್ತೇವೆ. ಕೂಗಿದ ಮೇಲೆ ಕಡತ ಹಿಡಿದು ವರ್ಷಗಟ್ಟಲೆ ನಡೆಯುವವರು ಇಬ್ಬರೂ ಸಿಗುವುದಿಲ್ಲ.

ಇನ್ನೊಂದು ಮಾತನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಹೆಸರಿನ ವಿಷಯದಲ್ಲಿ ನಾವು ಮಲಯಾಳ ಮಾತನಾಡುವ ನೆರೆಯವರನ್ನು ಮಾತ್ರ ದೂರಿದರೆ ಸಾಲದು. ತುಳುವರ ಕುಡ್ಲವನ್ನು ನಾವು ಮಂಗಳೂರು ಎಂದೇ ಬರೆಯುತ್ತೇವಲ್ಲ? ತನ್ನ ಹೆಸರು ಉಳಿಯಬೇಕು ಎನ್ನುವವನು ಪಕ್ಕದವನ ಹೆಸರನ್ನೂ ನೆಟ್ಟಗೆ ಹೇಳಲು ಕಲಿಯಬೇಕು.

ಆದರೆ ಈ ಪ್ರವಾಸದಿಂದ ನಾವು ಹೊತ್ತು ತಂದ ಮುಖ್ಯ ವಿಚಾರ ಬೋರ್ಡಿನದ್ದಲ್ಲ. ಆ ಚೆರೋಕೀ ಊರಿಗೆ ಹಣದ ಕೊರತೆ ಇಲ್ಲ. 1997ರಿಂದ ಅಲ್ಲಿ ಅವರದೇ ದೊಡ್ಡ ಕ್ಯಾಸಿನೋ ಇದೆ. ಸ್ವಂತ ಲಿಪಿ ಇದೆ, ಬೀದಿಗೆ ಬೋರ್ಡಿದೆ, ಈಗ ಬೆಟ್ಟಕ್ಕೆ ಹೆಸರೂ ಬಂದಿದೆ. ಇಷ್ಟೆಲ್ಲ ಇದ್ದೂ 2019ರಲ್ಲಿ ಮೂರು ಚೆರೋಕೀ ಆಡಳಿತಗಳು ಸೇರಿ ತಮ್ಮ ಭಾಷೆಗೆ ತುರ್ತು ಪರಿಸ್ಥಿತಿ ಘೋಷಿಸಿದವು. ಕಾರಣ, ಹುಟ್ಟಿನಿಂದ ಆ ಮಾತು ಬಲ್ಲವರು ಹೆಚ್ಚಾಗಿ ಮುದುಕರು, ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಈಗ ಅವರು ಪುಟ್ಟ ಮಕ್ಕಳಿಗೆ ಚೆರೋಕೀ ಮಾಧ್ಯಮದ ಶಾಲೆ ನಡೆಸುತ್ತಿದ್ದಾರೆ. ಮನೆಯಲ್ಲಿ ಸಿಗದ ಮಾತನ್ನು ಶಾಲೆಯಲ್ಲಿ ಮೊದಲಿನಿಂದ ಕಲಿಸಬೇಕಾದ ಕಷ್ಟ ಅದು.

ನಮ್ಮ ಸ್ಥಿತಿ ಇದಕ್ಕೆ ತಿರುಗುಮುರುಗು. ನಮ್ಮಲ್ಲಿ ಹಣವಿಲ್ಲ. ಕನ್ನಡ ಬಾರದ ಅಧ್ಯಾಪಕರು ಕನ್ನಡ ತರಗತಿಗೆ ನೇಮಕವಾಗಿ ಬಂದು, ಮಕ್ಕಳೂ ಹೆತ್ತವರೂ ಬೀದಿಗಿಳಿದದ್ದನ್ನು ಈ ಜಿಲ್ಲೆ ಕಂಡಿದೆ. ಆದರೆ ನಮ್ಮ ಮಕ್ಕಳ ಬಾಯಲ್ಲಿ ಕನ್ನಡ ಇನ್ನೂ ಇದೆ. ಚೆರೋಕೀಯವರು ಕೋಟಿ ಸುರಿದು ಹುಡುಕುತ್ತಿರುವುದು ಅದನ್ನೇ. ಅದು ಇರುವಾಗಲೇ ನಾವು ಅದನ್ನು ಒಂದನೇ ತರಗತಿಯ ಬಾಗಿಲಲ್ಲಿ ಬಿಟ್ಟು ಬರುತ್ತಿದ್ದೇವೆ. ಯಾರನ್ನೋ ಬೈಯುತ್ತಿಲ್ಲ. ನಮ್ಮ ಮಗನನ್ನೂ ನಾವು ಸೇರಿಸಿದ್ದು ಇಂಗ್ಲಿಷ್ ಮಾಧ್ಯಮಕ್ಕೇ. ಬೆಳಗ್ಗೆ ಅವನನ್ನು ಶಾಲೆಯ ವ್ಯಾನು ಹತ್ತಿಸಿ, ಆಮೇಲೆ ಕನ್ನಡ ಮಾಧ್ಯಮದ ಹಾಜರಿ ಪುಸ್ತಕ ತೆರೆದು 'ಮಕ್ಕಳು ಕಡಿಮೆಯಾದರು' ಎಂದು ಕೊರಗಿದವರು ನಾವು. ಆ ತಪ್ಪಿಗೆ ಈಗ ಮದ್ದಿಲ್ಲ, ಒಪ್ಪಿಕೊಳ್ಳಬಹುದು ಅಷ್ಟೆ.

ಮುಂದೇನು? ಕುವೋಹಿಯಿಂದಲೇ ಒಂದು ಉಪಾಯ ಸಿಕ್ಕಿತು. ವರ್ಷದಲ್ಲಿ ಮೂರು ದಿನ, ಅರ್ಧ ದಿನದ ಮಟ್ಟಿಗೆ, ಆ ಶಿಖರವನ್ನು ಪ್ರವಾಸಿಗರಿಗೆ ಮುಚ್ಚಿ ಚೆರೋಕೀ ಶಾಲೆಯ ಮಕ್ಕಳಿಗೆ ಬಿಟ್ಟುಕೊಡುತ್ತಾರೆ. ಮಕ್ಕಳು ತಮ್ಮ ಬೆಟ್ಟದ ಮೇಲೆ ನಿಂತು ತಮ್ಮ ಕಥೆ ಕೇಳುತ್ತಾರೆ. ನಮಗೆ ಯಾವುದನ್ನೂ ಮುಚ್ಚಿಸಬೇಕಾಗಿಲ್ಲ. ಪೊಸಡಿಗುಂಪೆ ಇದೆ, ಕೆಳದಿ ನಾಯಕರ ಬೇಕಲ ಕೋಟೆ ಇದೆ, ಅನಂತಪುರದ ಕೆರೆ ಇದೆ. ವರ್ಷಕ್ಕೆ ಮೂರು ಅರ್ಧ ದಿನ ಮಕ್ಕಳನ್ನು ಕರೆದುಕೊಂಡು ಹೋಗೋಣ. ಊರಿನ ಒಬ್ಬ ಅಜ್ಜನೋ ಅಜ್ಜಿಯೋ ಜೊತೆಗಿರಲಿ. ಕಣ್ಣಿಗೆ ಕಾಣುವ ಗುಡ್ಡ, ಬಯಲು, ತೋಡುಗಳ ಹೆಸರನ್ನು ಕನ್ನಡದಲ್ಲಿ, ತುಳುವಿನಲ್ಲಿ, ಇದ್ದರೆ ಮಲಯಾಳದಲ್ಲೂ ಮಕ್ಕಳೇ ಬರೆದುಕೊಳ್ಳಲಿ. ಶಾಲೆಯ ಕಪಾಟಿನಲ್ಲಿ ಆ ಪುಸ್ತಕ ಇರಲಿ. ನಾಳೆ ಬೋರ್ಡಿನ ಹೆಸರು ತಪ್ಪಿದರೆ ಅರ್ಜಿಯ ಜೊತೆ ಇಡುವುದಕ್ಕೆ ಒಂದು ಆಧಾರವೂ ಆಯಿತು.

ಇದಕ್ಕೆ ಸರಕಾರದ ಆದೇಶ ಬೇಡ. ಮುಖ್ಯೋಪಾಧ್ಯಾಯರ ಒಪ್ಪಿಗೆ, ಪಿಟಿಎಯ ಒಂದು ಜೀಪು, ನಾಲ್ಕು ಬಾಟ್ಲಿ ನೀರು ಸಾಕು. ನಮ್ಮ ಶಾಲೆಯಲ್ಲಿ ಈ ಸಲ ಪೊಸಡಿಗುಂಪೆಯಿಂದ ಶುರು ಮಾಡುತ್ತೇವೆ. ನಿಮ್ಮ ಶಾಲೆಯ ಹತ್ತಿರದ ಗುಡ್ಡ ಯಾವುದು? ಅದರ ಹೆಸರು ನಿಮ್ಮ ಐದನೇ ತರಗತಿಯ ಮಕ್ಕಳಿಗೆ ಗೊತ್ತಿದೆಯೇ? ನಾಳೆ ತರಗತಿಗೆ ಹೋದಾಗ ಒಮ್ಮೆ ಕೇಳಿ ನೋಡಿ.